ಸೂಜಿಯಕ್ಕನ ನಾಲ್ಕು ಖಾನೆ

ರಕ್ತ ತೆಗೆಯುವ ಸೂಜಿಯಕ್ಕನ ಸುದ್ದಿ ಇಸ್ತ್ರಿ ಅಂಗಡಿಯ ಅಜ್ಜಿಯ ಕಿವಿಗೆ ಬಿದ್ದದ್ದು ಮೊಮ್ಮಗಳು ಶಾಲೆಯಿಂದ ಒಂದು ಹಾಳೆ ತಂದ ದಿನ. ಒಂಬತ್ತನೇ ತರಗತಿಯ ಮಕ್ಕಳ ರಕ್ತ ತೆಗೆಯುತ್ತಾರಂತೆ. ಊರಲ್ಲಿರುವುದು ಎರಡು ಮೂಲದ ಜನ: ಗುಡ್ಡದವರದು ಒಂದು ಡಬ್ಬಿಗೆ, ಹೊಳೆಯಾಚೆಯವರದು ಇನ್ನೊಂದಕ್ಕೆ.

"ಒಂದೇ ನಲ್ಲಿ ನೀರು ಕುಡಿಯೋ ಮಕ್ಕಳು. ರಕ್ತಕ್ಕೆ ಮಾತ್ರ ಎರಡು ಡಬ್ಬಿ ಯಾಕೇ?"

"ಸೂಜಿಯಕ್ಕನ್ನೇ ಕೇಳಜ್ಜಿ. ನಾಳೆ ನಮ್ಮಂಗಡಿಗೇ ಬರ್ತಾರೆ."

ಬಂದಳು. ಸಣಕಲು ಹೆಂಗಸು, ಹೆಗಲಿಗೆ ಮಂಜುಗಡ್ಡೆ ತುಂಬಿದ ಡಬ್ಬಿ. ಆಸ್ಪತ್ರೆಯಲ್ಲಿ ಹದಿನೈದು ವರ್ಷ ಬಾಟಲಿ ತೊಳೆದು, ಆಮೇಲೆ ತನ್ನ ಎಡಗೈಗೇ ಚುಚ್ಚಿಕೊಂಡು ಸೂಜಿ ಹಿಡಿಯಲು ಕಲಿತವಳಂತೆ. ಮಾತಾಡುವಾಗಲೂ ಕಣ್ಣು ಎದುರಿನವರ ಮೊಣಕೈ ನರದ ಮೇಲೇ. ಅಜ್ಜಿ ತೋಳು ಮುಚ್ಚಿಕೊಂಡಳು.

"ಕಬ್ಬಿಣಕ್ಕೆ ತುಕ್ಕು ಹಿಡಿಯೋ ಹಾಗೆ ಮೈಗೂ ಒಂಥರಾ ತುಕ್ಕು ಹಿಡಿಯುತ್ತಜ್ಜಿ. ಅದನ್ನ ತಡೆಯೋ ಕಿಣ್ವ ಮೈಯೊಳಗೇ ಇರುತ್ತೆ. ಹಿರಿಯರಿಂದ ಬರೋ ಅದರ ಜೀನ್ ಎಲ್ಲರಲ್ಲೂ ಒಂದೇ ಥರ ಇರಲ್ಲ. ಯಾರ ಕಡೆ ಯಾವ ಥರದ್ದು ಹೆಚ್ಚು ಅಂತ ನೋಡ್ತಾರೆ, ಅಷ್ಟೆ."

"ನೋಡಿ, ಆಮೇಲೆ?"

"ಆಮೇಲೆ ಏನೂ ಇಲ್ಲ."

"ಏನೂ ಇಲ್ಲದ್ದಕ್ಕೆ ಯಾರಾದ್ರೂ ಮಂಜುಗಡ್ಡೆ ಹೊರ್ತಾರೇನಮ್ಮ?"

ಹಾಳೆಯಲ್ಲಿ ನಾಲ್ಕು ಖಾನೆಗಳಿದ್ದವು: ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರು ಯಾವ ಕಡೆಯವರು? ಅಜ್ಜಿಯ ಕೈ ಅಂಗಿಯ ಮೇಲೆ ನಿಂತೇಹೋಯಿತು. ಬಟ್ಟೆ ಸುಟ್ಟ ಕಮಟು ವಾಸನೆ ಬಂದಾಗಲೇ ಇಸ್ತ್ರಿ ಪೆಟ್ಟಿಗೆ ಎತ್ತಿದಳು. ಅವಳು ಹೊಳೆ ದಾಟಿ ಮದುವೆಯಾಗಿ ಬಂದು ನಲವತ್ತೆಂಟು ವರ್ಷ. ಅವಳು ಹೊಳೆಯಾಚೆಯವಳೆಂದು ಗೊತ್ತಿದ್ದದ್ದು ಗಂಡನೊಬ್ಬನಿಗೆ, ಅವನು ಮಣ್ಣಾಗಿದ್ದ. ಹಿಂದೊಮ್ಮೆ ಎರಡು ಕಡೆಯವರ ನಡುವೆ ನಡೆದ ಗಲಾಟೆಯಲ್ಲಿ ಹೊಳೆಯಾಚೆಯವರ ಮೂರು ಅಂಗಡಿಗಳು ಬೂದಿಯಾಗಿದ್ದವು. ಮೊಮ್ಮಗಳೇ ಅವರ ನಡಿಗೆಯನ್ನು ಅಣಕಿಸಿ ನಗುತ್ತಿದ್ದಳು. ರಕ್ತ ಕೊಡುವುದಿಲ್ಲ ಎಂದರೆ ಏನೋ ಮುಚ್ಚಿಟ್ಟಿದ್ದಾಳೆ ಎಂದಾಗುತ್ತದೆ.

"ನಾಲ್ಕೂ ಗುಡ್ಡ," ಎಂದಳು.

ರಕ್ತ ತೆಗೆದ ಮೂರನೇ ದಿನ ಸೂಜಿಯಕ್ಕ ಮತ್ತೆ ಬಂದು, ಮಡಚಿಟ್ಟ ಅಂಗಿಗಳ ಅಟ್ಟಿಯನ್ನೇ ನೋಡುತ್ತ ನಿಂತಳು.

"ಅಂಗಿ ತೋಳನ್ನ ಎದೆ ಮೇಲೆ ಮಡಚ್ತೀರಲ್ಲಜ್ಜಿ. ಗುಡ್ಡದವರು ಬೆನ್ನಿಗೆ ಮಡಚ್ತಾರೆ."

ಅಜ್ಜಿ ಅಟ್ಟಿಯ ಮೇಲೆ ಟವೆಲು ಎಳೆದಳು. ಮದುವೆಯಾದ ಮೇಲೆ ಮಾತಿನ ಧಾಟಿ ಬದಲಿಸಿದ್ದಳು, ಉಡುಗೆ ಬದಲಿಸಿದ್ದಳು. ಕೈಯ ರೂಢಿ ಅವಳ ಗಮನಕ್ಕೇ ಬಂದಿರಲಿಲ್ಲ.

"ಯಾರು ಕಳಿಸಿದ್ರು ನಿನ್ನ?"

"ಯಾರೂ ಇಲ್ಲ. ನಮ್ಮಮ್ಮನೂ ಹೀಗೇ ಮಡಚ್ತಿದ್ದಳು."

"ಹಾಗಾದ್ರೆ ಕೆಲಸಕ್ಕೆ ಸೇರುವಾಗ ಆಸ್ಪತ್ರೆ ಹಾಳೇಲಿ ನೀನೇನು ಬರೆಸಿದ್ದೀ?"

"ಗುಡ್ಡ."

ಹಾವಿನ ಹೆಜ್ಜೆ ಹಾವೇ ಬಲ್ಲದು. ಆದರೂ ಅಜ್ಜಿಗೆ ನಂಬಿಕೆ ಬರಲಿಲ್ಲ. ಬಾಯಿ ಬಿಡಿಸಲು ಸುಳ್ಳು ಹೇಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು.

"ನಾಲ್ಕೂ ಖಾನೆ ಒಂದೇ ಕಡೆಯದಲ್ಲದ ರಕ್ತ ಸೇರಿದ್ರೆ ಲೆಕ್ಕ ಕೆಡುತ್ತಜ್ಜಿ. ನಿಜ ಬರೆದ್ರೆ ಹೆಡ್‌ಮಾಸ್ಟರ್ ಓದ್ತಾರೆ. ಅದಕ್ಕೇ ನಿಮ್ಮ ಮೊಮ್ಮಗಳ ರಕ್ತ ನಾನೇ ಚೆಲ್ಲಿಬಿಟ್ಟೆ. ಅವಳ ಹಾಳೆ ತಗೊಳ್ಳಿ, ಒಲೆಗೆ ಹಾಕಿ."

"ಇಷ್ಟೆಲ್ಲ ಮಾಡಿ ನಿನಗೇನು ಬೇಕು?"

ಬೀದಿಯ ತುದಿಯಲ್ಲಿ ಮೊಮ್ಮಗಳು ಗೆಳತಿಯರೊಡನೆ ಬರುತ್ತಿದ್ದಳು. ಸೂಜಿಯಕ್ಕನಿಗೆ ಮಾರನೆಯ ದಿನದಿಂದ ಬೇರೆ ಊರಿನ ಶಾಲೆಗಳು. ಡಬ್ಬಿಯನ್ನು ಹೆಗಲಿಗೇರಿಸಿಕೊಂಡು, ಮೊದಲ ಸಲ ಅಜ್ಜಿಯ ತೋಳಿನಿಂದ ಕಣ್ಣು ತೆಗೆದು ಮುಖ ನೋಡಿದಳು.

"ನಾನು ಯಾವ ಕಡೆಯವಳು ಅಂತ ನನ್ನ ಮಗಳಿಗೆ ನಾನಿನ್ನೂ ಹೇಳಿಲ್ಲ. ನೀವು ಇವಳಿಗೆ ಹೇಳಿದ ದಿನ, ಇವಳು ಏನಂದಳು ಅಂತ ನನಗೊಂದು ಫೋನ್ ಮಾಡ್ತೀರಾ, ಅಜ್ಜೀ?"