ಮಾಸ್ತರರು ಮಾಲಕರಾದದ್ದು

ಜಗನ್ನಾಥ ಮಾಸ್ತರರು ಹೆಸರಿಗೆ ಜಗತ್ತಿಗೇ ಒಡೆಯರು. ಹತ್ತೊಂಬತ್ತು ವರ್ಷದಿಂದ ಇದ್ದದ್ದು ಮಾತ್ರ ದೇವದುರ್ಗದಲ್ಲಿ, ಬಡೇಬೀಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಪ್ರತಿ ತಿಂಗಳು ಬಡೇಬೀ ಚಿಲಕ ಬಡಿದು, "ಮಾಸ್ತರ್ರೀ, ತಾರೀಕ್ ಒಂದಾತು" ಎನ್ನುವುದು ಅವರ ಕಿವಿಗೆ ಕಾದ ಸೀಸ. ಸಾಯುವುದರೊಳಗೆ ತಾವೂ ಒಂದು ಬಾಗಿಲು ಬಡಿಯಬೇಕು, ಒಳಗಿನಿಂದ ಯಾರಾದರೂ "ಬಂದೆ ಮಾಲಕ್ರೀ" ಎಂದು ಬಾಡಿಗೆ ಹಿಡಿದು ಓಡಿಬರಬೇಕು. ಮೋಕ್ಷದ ಬಗ್ಗೆ ಅವರಿಗಿದ್ದ ಕಲ್ಪನೆ ಇಷ್ಟೇ.

ರಾಯಚೂರಿನ ಯರಗೇರಾ ರಸ್ತೆಯಲ್ಲಿ ಮನೆ ಸಿಕ್ಕಿತು. ಮೂವತ್ತು ಲಕ್ಷ. ಇಪ್ಪತ್ನಾಲ್ಕನ್ನು ಬ್ಯಾಂಕು ಕೊಡುತ್ತದೆ, ಆರನ್ನು ಮೊದಲು ತಾವು ಕಟ್ಟಬೇಕು. ಮಾಸ್ತರರು ಹೆಂಡತಿಯ ಬಳೆಗಳನ್ನು ನೋಡಿದರು. ವಿಜಯಾಬಾಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಇರೋ ಮನಿ ಬಾಡಿಗಿ ಕೊಡೋದ್ರಾಗ ಹೈರಾಣಾಗೀರಿ. ಇನ್ನೊಬ್ಬರಿಗೆ ಮಾಲಕರಾಗ್ತೀರೇನು?"

ಹೆಂಗಸರಿಗೆ ಅರ್ಥಶಾಸ್ತ್ರ ತಿಳಿಯದೆಂದು ಮರುಗಿ, ಮಾಸ್ತರರು ಮೂರು ಭಾನುವಾರ ಹಾಸಿಗೆ ಬಿಡದೆ ತಪಸ್ಸು ಮಾಡಿದರು. ನಾಲ್ಕನೆಯ ಭಾನುವಾರ ದರ್ಶನವಾಯಿತು: ಭೋಗ್ಯ! ಮಾನ್ವಿಯಿಂದ ರಾಯಚೂರಿಗೆ ಬರಲಿದ್ದ ಗ್ಯಾರೇಜಿನ ಅಲ್ತಾಫ್ ಆರು ಲಕ್ಷವನ್ನು ಒಮ್ಮೆಲೇ ಕೊಟ್ಟ. ಮೂರು ವರ್ಷ ಅವನು ಬಾಡಿಗೆಯಿಲ್ಲದೆ ಇರುವುದು, ಆಮೇಲೆ ಇವರು ಆ ಹಣ ಮರಳಿಸುವುದು. ಗೃಹಪ್ರವೇಶದ ದಿನ ಮಾಸ್ತರರು ಜರಿಯಂಚಿನ ಧೋತರ ಉಟ್ಟು, ಬಿಡಿಗಾಸೂ ಹಾಕದೆ ಮನೆ ಗೆದ್ದ ಈ ಯುದ್ಧತಂತ್ರವನ್ನು ಊಟದ ಪಂಕ್ತಿ ಪಂಕ್ತಿಗೂ ವರ್ಣಿಸಿದರು.

ಒಂದನೇ ತಾರೀಕು ಬಂತು. ಸಂಬಳದಲ್ಲಿ ಬ್ಯಾಂಕಿನ ಕಂತು ಹೋಯಿತು, ಬಡೇಬೀಯ ಬಾಡಿಗೆ ಹೋಯಿತು. ಉಳಿದ ಚಿಲ್ಲರೆಯಲ್ಲಿ ಬಸ್ಸು ಹತ್ತಿ ರಾಯಚೂರಿಗೆ ಹೋಗಿ, ದಿಗ್ವಿಜಯಕ್ಕೆ ಬಂದವರಂತೆ ಬಾಗಿಲು ಬಡಿದರು.

"ಬರ್ರಿ ಮಾಲಕ್ರೀ!" ಎಂದ ಅಲ್ತಾಫ್. ಮಾಸ್ತರರ ಕಣ್ಣು ತುಂಬಿತು. "ಛಲೋ ಬಂದ್ರಿ. ಬಚ್ಚಲದ ನಳ ಸೋರಾಕತ್ತದ, ಮಾಳಿಗಿ ಮ್ಯಾಲಿನ ನೀರಿನ ಟಾಕಿ ಒಡದದ. ಮಾಲಕರ ಖರ್ಚಲ್ಲೇನ್ರೀ ಅದು?"

ಮಾಲಕರೆನಿಸಿಕೊಂಡ ಮೇಲೆ ಇಲ್ಲವೆನ್ನಲಾದೀತೆ? ಮೂರು ವರ್ಷ, ಪ್ರತಿ ತಿಂಗಳು ಆ ಒಂದು ಶಬ್ದ ಕೇಳಲು ಹೋದರು. ಹೋದಾಗಲೆಲ್ಲ ಒಂದೊಂದು ರಿಪೇರಿಗೆ ದುಡ್ಡಿಟ್ಟು ಬಂದರು.

ಗಡುವು ಮುಗಿಯಿತು. ಹೊಸ ಭೋಗ್ಯದವರು ಯಾರೂ ನಾಲ್ಕು ಲಕ್ಷದ ಮೇಲೆ ಏರಲಿಲ್ಲ. ಆರು ಲಕ್ಷ ಮರಳಿಸಲು ಮಾಸ್ತರರು ಅಲ್ತಾಫನನ್ನು ಇನ್ನೊಂದು ವರ್ಷ ಕೇಳಿದರು.

"ಯಾಕ್ ತ್ರಾಸ್ ತಗೋತೀರಿ?" ಅಲ್ತಾಫ್ ಚಹಾ ಮುಂದಿಟ್ಟ. "ನಾನೂ ಒಂದು ಮನಿ ತಗೋಬೇಕಂತ ಮಾಡೀನಿ. ಇದನ್ನ ಕೊಡ್ರಲ್ಲ, ನೀವು ತಗೊಂಡ ರೇಟಿಗೇ. ಮೊದಲು ಕಟ್ಟೋ ಆರು ಲಕ್ಷ ಹೆಂಗೂ ನಿಮ್ಮ ಹತ್ರಾನ ಅದ. ಉಳಿದದ್ದು ನನ್ನ ಬ್ಯಾಂಕಿನವ್ರು ಕೊಡ್ತಾರ, ನಿಮ್ಮ ಸಾಲ ತೀರಸ್ಕೋರಿ."

ಮಾಸ್ತರರು ಸಹಿ ಹಾಕಿದರು. ಹೊಸ ನಳ, ಹೊಸ ಟಾಕಿ, ಮೂರು ವರ್ಷ ಕಟ್ಟಿದ ಬಡ್ಡಿ ಎಲ್ಲ ಅಲ್ತಾಫನಿಗೆ ಉಡುಗೊರೆ. ಹೊರಡುವಾಗ ಅಭ್ಯಾಸಬಲದಿಂದ ಹೊಸ್ತಿಲ ಬಳಿ ಕಿವಿಯಾನಿಸಿ ಒಂದು ಗಳಿಗೆ ನಿಂತರು.

"ಹೋಗಿ ಬರ್ರಿ, ಮಾಸ್ತರ್ರೀ" ಎಂದ ಅಲ್ತಾಫ್.