ಅನುಮಾನಕ್ಕೆ ಕೋಡ್ ಇಲ್ಲ

ಬೆಂಗಳೂರಿನ ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ಆಕೆ ನಮ್ಮ ಟೀಮ್ ಲೀಡ್ ಆಗಿದ್ದರು. ವಿದೇಶದ ಆಸ್ಪತ್ರೆಗಳ ವೈದ್ಯರು ಬರೆದದ್ದನ್ನು ಓದಿ, ವಿಮಾ ಕಂಪನಿಗಳಿಗಾಗಿ ಪ್ರತಿ ಕಾಯಿಲೆಗೂ ಒಂದು ಕೋಡ್ ಹಾಕುವುದು ನಮ್ಮ ಕೆಲಸ. ಯಾರಾದರೂ ಸ್ತನದ ನೋವನ್ನೋ ಗಂಟನ್ನೋ ಆತುರದಲ್ಲಿ ಕ್ಯಾನ್ಸರ್ ಎಂದು ಗುರುತಿಸಿದರೆ, ಅವರು ಕನ್ನಡಕವನ್ನು ತಲೆಯ ಮೇಲೇರಿಸಿ, ನಮ್ಮ ಕುರ್ಚಿಯ ಬೆನ್ನಿಗೆ ಕೈಯೂರಿ ನಿಲ್ಲುತ್ತಿದ್ದರು. "ಡಾಕ್ಟರ್ ಹಂಗಂತ ಬರೆದಿದಾರಾ? ಇಲ್ಲ ಅಲ್ವಾ. ಅನುಮಾನಕ್ಕೆ ಕೋಡ್ ಇಲ್ಲ ಕಣ್ರೀ. ನೋವಿದ್ರೆ ನೋವು ಅಂತ ಹಾಕಿ." ದನಿ ಎಂದೂ ಏರುತ್ತಿರಲಿಲ್ಲ.

ಒಮ್ಮೆ ನನ್ನದೇ ಎಡ ಸ್ತನದಲ್ಲಿ ನೋವು ಶುರುವಾಯಿತು. ದಿನವಿಡೀ ಅಂಥವೇ ಕೇಸು ಓದುತ್ತಿದ್ದ ನಾನು ಮನಸ್ಸಿನಲ್ಲೇ ಎಲ್ಲವನ್ನೂ ತೀರ್ಮಾನಿಸಿಬಿಟ್ಟಿದ್ದೆ. ಕ್ಯಾಂಟೀನಿನಲ್ಲಿ ಅವರೆದುರು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಟೀ ಅರ್ಧಕ್ಕೇ ಬಿಟ್ಟು ಸ್ಕೂಟರಿನ ಕೀ ತೆಗೆದುಕೊಂಡರು. "ನಡಿ, ತೋರಿಸ್ಕೊಂಡು ಬರೋಣ."

ಬ್ರೂಕ್‌ಫೀಲ್ಡಿನ ಆಸ್ಪತ್ರೆಯಲ್ಲಿ ನನ್ನ ಸರದಿ ಬರುವವರೆಗೂ ಅವರು ಪಕ್ಕದಲ್ಲಿ ಕುಳಿತು ಬೆರಳಿನ ಉಂಗುರ ತಿರುಗಿಸುತ್ತಿದ್ದರು. ಸ್ಕ್ಯಾನ್ ನೋಡಿದ ಡಾಕ್ಟರು, ನೀರು ತುಂಬಿದ ಸಾಮಾನ್ಯ ಗಂಟು, ಭಯವಿಲ್ಲ ಎಂದರು. ನಾನು ಹಗುರಾಗಿ ಹೊರಬಂದೆ. ಅವರು ಮಾತ್ರ ಏಳಲಿಲ್ಲ.

"ನೀನು ಆಟೋ ಹಿಡಿದು ಆಫೀಸಿಗೆ ಹೋಗು," ಎಂದರು. "ನಂಗೂ ಒಂದು ಗಂಟಿದೆ. ತುಂಬಾ ದಿನ ಆಯ್ತು. ಒಬ್ಳೇ ಬರೋಕೆ ಧೈರ್ಯ ಇರ್ಲಿಲ್ಲ."

ಆಮೇಲೆ ಎದ್ದು ಕೌಂಟರಿಗೆ ಹೋಗಿ ತಮ್ಮ ಹೆಸರು ಹೇಳಿದರು. ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ.