ಕೆಂಪು ಬಾಳೆಯ ಕಪ್ಪು-ಬಿಳುಪು ಫೋಟೋ

ಸ್ನೇಹಿತರೇ, ಬೂದುಬಣ್ಣಕ್ಕಾಗಿ ಯಾರಾದರೂ ಜಗಳವಾಡಿದ್ದೀರಾ? ನಾನು ಇವತ್ತು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಆಡಿ ಬಂದೆ.

ಕಪ್ಪು-ಬಿಳುಪು ಫೋಟೋ ಮುದ್ರಿಸುವ ಪ್ರಿಂಟರ್ ಬೇಕಿತ್ತು. ಪರೀಕ್ಷೆಗೆಂದು ನಮ್ಮ ಕಮಲಾಪುರದ ತೋಟದ ಕೆಂಪು ಬಾಳೆಗೊನೆಯ ಚಿತ್ರ ಕೊಟ್ಟೆ. ಅಂಗಡಿಯವರು ನಕ್ಕರು.

“ಕೆಂಪ್ ಬಾಳಿಹಣ್ಣಿಂದು ಬ್ಲ್ಯಾಕ್ ಅಂಡ್ ವೈಟ್ ಯಾಕ್ರೀ ಮೇಡಂ?”

ಬಣ್ಣಗಳನ್ನು ಬೆರೆಸಿ ಬೂದು ಮಾಡುವ ಅವರ ಪ್ರಿಂಟರಿನಲ್ಲಿ ಗೊನೆ ಹಸಿರಿಗೆ ತಿರುಗಿತು.

“ಹಸಿರು ಬಂದದಲ್ರೀ!” ಎಂದೆ.

“ಇನ್ನಾ ಕಾಯಿ ಅದ ರೀ, ಅದಕ್ಕ!” ಎಂದರು.

ನಾನು ಬಿಡಲಿಲ್ಲ. ಕಪ್ಪಿನ ಜೊತೆ ಬೂದು ಇಂಕುಗಳೂ ಬೇರೆಯಾಗಿ ಇರುವ ಪ್ರಿಂಟರನ್ನು ಶೋಕೇಸಿನಿಂದ ಇಳಿಸಲು ಹೇಳಿ, ಅದೇ ಚಿತ್ರವನ್ನು ಅದರಲ್ಲಿ ಮುದ್ರಿಸಿಕೊಂಡೆ. ಈಗ ಹಸಿರಿನ ಸುಳಿವೇ ಇಲ್ಲ. ಸಿಪ್ಪೆಯ ಮೇಲಿನ ಒಂದೊಂದು ಕಲೆಯೂ ಎದ್ದು ಕಂಡಿತು. ಅಂಗಡಿಯವರು ಬಿಲ್ ಬರೆದರು.

ಸಂಜೆ ಕಮಲಾಪುರಕ್ಕೆ ಬಂದು ಅವ್ವನ ಕೈಗೆ ಫೋಟೋ ಕೊಟ್ಟೆ.

“ಎಷ್ಟ್ ಕೆಂಪಗ ಬಂದದ ನೋಡು!” ಎಂದಳು.

“ಅವ್ವಾ, ಇದರಾಗ ಕೆಂಪ್ ಎಲ್ಲಿ ಅದ? ಬರೀ ಕರೀ ಇಂಕು, ಬೂದಿ ಇಂಕು.”

“ಇಂಕಿಂದೇನದ? ನಮ್ಮ ಬಾಳಿ ಹಂಗದ!”

ನನ್ನ ಎದೆಯೂ ಉಬ್ಬಿತು. ಆದರೂ ಪ್ರಿಂಟರ್ ಆರಿಸಿದ್ದು ನಾನು, ಜಗಳವಾಡಿದ್ದು ನಾನು. ಹೆಸರು ಮಾತ್ರ ಬಾಳೆಗೆ.